ಹದಿನೈದನೇ ಮನೆಯ ಮತ

ತಪ್ಪೆಲ್ಲ ಹೆಬ್ಬೆರಳಿನದು. ವಾಚ್ ರಿಪೇರಿಯವರ ಬಲಗೈ ಹೆಬ್ಬೆರಳು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಏಳು ಗಂಟೆಗೆ ಮಾಡುತ್ತಿದ್ದ ಕೆಲಸವನ್ನೇ ಆ ದಿನವೂ ಮಾಡಿತು. ಫೋನು ಟಿಣ್ ಅಂದಿತು, ಹೆಬ್ಬೆರಳು ಹೋಗಿ ಮೇಲಿನ ಸಾಲನ್ನು ಒತ್ತಿತು, ಅಷ್ಟೇ.

ಆ ಕಟ್ಟಡದಲ್ಲಿ ಹದಿನಾರು ಮನೆ, ಒಂದು ಟ್ಯಾಂಕು, ಒಬ್ಬ ಪಂಪಿನವನು. ನೀರು ಹತ್ತಿಸಿದ ಮೇಲೆ ಮನೆಮನೆ ಹತ್ತಿಳಿದು ಕೇಳುವುದು ಯಾರಿಗೆ ಬೇಕು ಎಂದು ಅವನು ಫೋನಿನ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಸಂಜೆ ಒಂದೊಂದು ಓಟಿಂಗ್ ಹಾಕುತ್ತಿದ್ದ: 'ನೀರು ಬಂತಾ?' ಮೇಲಿನ ಸಾಲು 'ಬಂತು', ಕೆಳಗಿನದು 'ಇಲ್ಲ'. ಏನೂ ಒತ್ತದವರ ಮನೆಗೆ ಮಾತ್ರ ಬಂದು ಬಾಗಿಲು ತಟ್ಟುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ವಾಚಿನವರು ಕೆಲವು ದಿನ ಬೇಕೆಂದೇ ಒತ್ತದೆ ಕೂರುತ್ತಿದ್ದುದೂ ಉಂಟು. ಅವರ ಬಾಗಿಲು ತಟ್ಟುವವರು ಬೇರೆ ಯಾರಿದ್ದರು? ಪಂಪಿನವನು "ಸಾರ್, ನೀರು?" ಅನ್ನುವನು, ಇವರು "ಬಂತಪ್ಪ, ಬಾ, ಕೂತ್ಕೊ, ಟೀ ಕುಡಿ" ಅನ್ನುವರು, ಅವನು "ಟೈಮಿಲ್ಲ ಸಾರ್" ಎಂದು ಇಳಿದುಹೋಗುವನು. ಒಂದು ದಿನಕ್ಕೆ ಅಷ್ಟು ಮಾತು ಸಾಕಾಗುತ್ತಿತ್ತು.

ಈ ದಿನ ಸಾಕಾಗುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಅವರ ಕಣ್ಣಿನ ಪೊರೆಯ ಆಪರೇಷನ್. ಜೊತೆಗೆ ಒಬ್ಬರು ಬಂದು ಹೊರಗೆ ಬೆಂಚಿನ ಮೇಲೆ ಕೂತಿರಲೇಬೇಕು, ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ ಎಂದು ಆಸ್ಪತ್ರೆಯವರು ಖಡಾಖಂಡಿತ ಹೇಳಿದ್ದರು. ಈ ತಾರೀಖು ತಪ್ಪಿದರೆ ಮತ್ತೆ ನಾಲ್ಕು ತಿಂಗಳು. ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಹಿಡಿದು ಬದುಕಿದ ಮನುಷ್ಯನಿಗೆ ಈಗ ಗೋಡೆ ಗಡಿಯಾರದ ಮುಳ್ಳೇ ಕಾಣುತ್ತಿರಲಿಲ್ಲ, ಅಂಗಡಿ ಬಾಗಿಲು ಹಾಕಿ ಎರಡು ತಿಂಗಳಾಗಿತ್ತು. ಬರಬೇಕಿದ್ದವಳು ತಂಗಿ. ಅವಳು ಬಚ್ಚಲಲ್ಲಿ ಜಾರಿ ಬಿದ್ದು ಮಂಡಿ ಮುರಿದುಕೊಂಡು ದೂರದ ಊರಲ್ಲಿ ಮಲಗಿದ್ದಳು. ಹಾಗಾಗಿ ನೆರೆಮನೆಯವರನ್ನು ಕೇಳಬೇಕು. ಕೇಳುವುದು ವಾಚಿನವರಿಗೆ ಹುಟ್ಟಾ ಬಾರದ ವಿದ್ಯೆ. ಮೂರು ದಿನ ಕೂತು, ತಿದ್ದಿ ತೀಡಿ, ಗ್ರೂಪಿಗೆ ಹಾಕಲೆಂದು ನಾಲ್ಕು ಸಾಲು ಬರೆದು ಫೋನಿನಲ್ಲಿಟ್ಟಿದ್ದರು. ಈ ದಿನ ಎದ್ದು ನೋಡಿದರೆ ಫೋನು ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗಿ ಕೂತಿತ್ತು. ಅಕ್ಷರ ಇರುವೆಯಷ್ಟಾಗಿತ್ತು, ಎಡಗಡೆಯದು ಬಲಗಡೆ ಹೋಗಿತ್ತು, ಬರೆದಿಟ್ಟ ನಾಲ್ಕು ಸಾಲು ಎಲ್ಲೋ ಮಾಯವಾಗಿತ್ತು.

ಏಳೂಕಾಲಿಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಕೆಳಗಿನ ಮನೆಯ ಹಲ್ಲಿನ ಡಾಕ್ಟ್ರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೊಸಿಲು ದಾಟದವರು ಒಳಗೆ ನುಗ್ಗಿ ವಾಚಿನವರನ್ನು ಬಾಚಿ ತಬ್ಬಿಕೊಂಡರು.

"ವಾಚಿನವ್ರೇ, ಏನು ಧೈರ್ಯ ರೀ ನಿಮ್ದು! ಯಾರೂ ಬಾಯಿ ಬಿಡದೇ ಇರೋವಾಗ ನೀವು ಬಂದು ನಿಂತ್ರಲ್ಲ!"

ವಾಚಿನವರಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಯಾರಾದರೂ ತಬ್ಬಿಕೊಂಡು ಎಷ್ಟು ಕಾಲವಾಗಿತ್ತೋ, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಅಡುಗೆಮನೆಗೆ ಓಡಿ ಟೀಗೆ ಇಟ್ಟರು. ಡಾಕ್ಟ್ರು ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಅದು ಹೆಂಡತಿಯ ಕುರ್ಚಿ, ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಇರಲಿ, ಕೂರಲಿ ಎಂದುಕೊಂಡರು.

"ಆ ಒತ್ತೆಯಾಳುಗಳ ಮನೆಯವ್ರನ್ನ ನೆನೆಸ್ಕೊಳ್ಳಿ," ಎಂದರು ಡಾಕ್ಟ್ರು, ದನಿ ನಿಜವಾಗಿಯೂ ಗದ್ಗದವಾಗಿತ್ತು. "ಊಟಕ್ಕೆ ಕೂತಾಗ ಒಂದು ಕುರ್ಚಿ ಖಾಲಿ ಬಿಟ್ಕೊಂಡು ಕಾಯೋದು ಅಂದ್ರೆ ಏನು ಅಂತ ಈ ಕಟ್ಟಡದಲ್ಲಿ ಯಾರಿಗೆ ಗೊತ್ತು?"

ವಾಚಿನವರ ಕಣ್ಣು ತುಂಬಿತು. ಆ ಧೈರ್ಯದಲ್ಲೇ ಆಪರೇಷನ್ನಿನ ಮಾತು ತೆಗೆದರು.

"ಅಯ್ಯೋ, ನಾನಿಲ್ವೇನ್ರೀ!" ಡಾಕ್ಟ್ರು ಎದೆ ತಟ್ಟಿಕೊಂಡರು. "ನಾಳೆ ಕ್ಲಿನಿಕ್ ಮುಚ್ಚಿ ಬರ್ತೀನಿ. ನಮ್ಮ ಕಡೆಯವ್ರಿಗೆ ಇಷ್ಟೂ ಮಾಡ್ದೆ ಇರ್ತೀನಾ?"

ನಮ್ಮ ಕಡೆ ಅಂದರೆ ಯಾವ ಕಡೆ ಎಂದು ಕೇಳುವಷ್ಟರಲ್ಲಿ ಮತ್ತೆ ಬಾಗಿಲು ತಟ್ಟಿದರು. ಮೂರನೇ ಮಹಡಿಯ ಇತಿಹಾಸದ ಮೇಷ್ಟ್ರು. ಮುಖ ಕಪ್ಪಿಟ್ಟಿತ್ತು.

"ವಾಚಿನವ್ರೇ, ನಿಮ್ಮಿಂದ ಇದನ್ನ ನಿರೀಕ್ಷಿಸಿರ್ಲಿಲ್ಲ ನಾನು."

ಆಮೇಲೆ ತಿಳಿದ ಕತೆ ಇಷ್ಟು. ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಜಗಳ ಆ ಕಟ್ಟಡದ ಗ್ರೂಪಿಗೆ ಬಂದು ಹತ್ತು ದಿನವಾಗಿತ್ತು. ಹಗಲೂ ರಾತ್ರಿ ಟಿಣ್ ಟಿಣ್. ವಾಚಿನವರು ಓದಲಾಗದೆ ಬಿಟ್ಟುಬಿಟ್ಟಿದ್ದರು. ಕೊನೆಗೆ ಮೇಷ್ಟ್ರು, ಇದು ಒಂದು ಸಲ ಬಗೆಹರಿಯಲಿ ಎಂದು ಹಿಂದಿನ ರಾತ್ರಿ ಓಟಿಂಗ್ ಹಾಕಿದ್ದರು: 'ನ್ಯಾಯ ಯಾರ ಕಡೆ?' ಪಕ್ಷಪಾತ ಅನ್ನಬಾರದೆಂದು ಅಕ್ಷರಮಾಲೆಯ ಪ್ರಕಾರ ಇಸ್ರೇಲ್ ಮೇಲೆ, ಪ್ಯಾಲೆಸ್ಟೀನ್ ಕೆಳಗೆ. ಹದಿನಾರರಲ್ಲಿ ಒಂದು ಮನೆಗೆ ಬೀಗ. ಉಳಿದವು ಏಳು ಏಳು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹದಿನೈದನೇ ಮನೆಯ ಹೆಬ್ಬೆರಳು ಹೋಗಿ ಮೇಲಿನ ಸಾಲನ್ನು ಒತ್ತಿತ್ತು.

"ಅಯ್ಯೋ ಮೇಷ್ಟ್ರೇ, ನಾನು ಒತ್ತಿದ್ದು ನೀರಿಗೆ!"

"ನೀರಿಗೆ?" ಡಾಕ್ಟ್ರ ಕೈಯಲ್ಲಿ ಟೀ ಲೋಟ ಅಲ್ಲೇ ನಿಂತಿತು.

ಮೇಷ್ಟ್ರ ಮುಖ ಅರಳಿತು. "ಅದನ್ನೇ ನಾನು ಹೇಳ್ತಿದ್ದೆ! ಇಂಥ ಮನುಷ್ಯ ಹಾಗೆ ಒತ್ತೋದುಂಟಾ? ಅಲ್ರೀ, ಕುಸಿದ ಮನೆ ಅಡಿಯಲ್ಲಿ ಮಕ್ಕಳು. ಅಪ್ಪಂದಿರು ಬರಿಗೈಯಲ್ಲಿ ಕಲ್ಲು ಎತ್ತಿ ಎತ್ತಿ ಹೆಸರು ಹಿಡಿದು ಕೂಗ್ತಾರೆ. ನನಗೆ ಹತ್ತು ದಿನದಿಂದ ನಿದ್ದೆಯಿಲ್ಲ." ಅವರ ಕಣ್ಣು ನೋಡಿದರೆ ಸುಳ್ಳು ಅನ್ನಿಸುವಂತಿರಲಿಲ್ಲ. "ಬದಲಾಯಿಸಿ. ಆಪರೇಷನ್ ಮಾತು ಬಾಗಿಲ ಹೊರಗೇ ಕೇಳಿಸ್ತು, ನಾಳೆ ಆಸ್ಪತ್ರೆಗೆ ನಾನು ಬರ್ತೀನಿ. ಸಂಜೆ ತನಕ ಕೂರ್ತೀನಿ, ಪಟ್ಟಿ ಬಿಚ್ಚೋ ತನಕ ಇರ್ತೀನಿ."

"ಬದಲಾಯಿಸಿದ್ರೆ ನಾನು ಬರಲ್ಲ," ಎಂದರು ಡಾಕ್ಟ್ರು.

ವಾಚಿನವರಿಗೆ ಯಾರನ್ನೂ ನೋಯಿಸುವುದು ಬೇಕಿರಲಿಲ್ಲ. ಒತ್ತಿದ್ದನ್ನು ಬರೀ ಅಳಿಸಿಬಿಡೋಣ ಎಂದು ಫೋನು ಹಿಡಿದರು. ಹೊಸ ಅಪ್‌ಡೇಟಿನಲ್ಲಿ ಅಳಿಸುವುದು ಎಲ್ಲಿದೆಯೋ ದೇವರಿಗೇ ಗೊತ್ತು. ಒತ್ತಿದರು, ಒಂದು ಚಕ್ರ ಸುತ್ತತೊಡಗಿತು. ಮತ್ತೆ ಒತ್ತಿದರು. ಚಕ್ರ ನಿಂತಾಗ ಮೇಲಿನ ಸಾಲಿಗೂ ಗುರುತು, ಕೆಳಗಿನ ಸಾಲಿಗೂ ಗುರುತು.

"ಎಂಟು ಎಂಟು!" ಮೇಷ್ಟ್ರು ಕೂಗಿದರು. "ಹದಿನೈದು ಮನೆ, ಹದಿನಾರು ಓಟು!"

"ಕಳ್ಳ ಓಟು!" ಡಾಕ್ಟ್ರು ಎದ್ದು ನಿಂತರು.

ಗಾಬರಿಯಲ್ಲಿ ವಾಚಿನವರು ಇನ್ನೂ ನಾಲ್ಕು ಕಡೆ ಒತ್ತಿದರು. ಫೋನು ಕೆಂಪಗಾಯಿತು. ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದೆ, ತಾವು ಮನುಷ್ಯರೆಂದು ಖಚಿತಪಡಿಸಿ ಎಂದಿತು. ಒಂಬತ್ತು ಚೌಕದ ಒಂದು ಚಿತ್ರ ಬಂತು, ಸಿಗ್ನಲ್ ದೀಪ ಇರುವ ಚೌಕಗಳನ್ನೆಲ್ಲ ಆರಿಸಬೇಕಂತೆ. ಪೊರೆ ಬಂದ ಕಣ್ಣಿಗೆ ಒಂಬತ್ತರಲ್ಲೂ ಮಂಜು ಕವಿದ ದೀಪವೇ ಕಂಡಿತು. ಒಂಬತ್ತನ್ನೂ ಒತ್ತಿದರು. ತಪ್ಪು. ವಾಚು ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಮನುಷ್ಯರಲ್ಲ ಎಂದೇ ತೀರ್ಮಾನವಾಯಿತು. ಆರು ಗಂಟೆ ಕಾಲ ಖಾತೆ ಬಂದ್.

ತಿರುಗಿ ನೋಡಿದರೆ ಮನೆಯಲ್ಲಿ ಯಾರೂ ಇರಲಿಲ್ಲ. ಎರಡು ಲೋಟ ಟೀ ಅರ್ಧರ್ಧ ಉಳಿದಿತ್ತು.

ಸಹಾಯವಾಣಿಗೆ ಫೋನು ಮಾಡಿದರು. "ನಿಮ್ಮ ಕರೆ ನಮಗೆ ಅಮೂಲ್ಯ," ಎಂದಿತು ಒಂದು ಹೆಣ್ಣು ದನಿ. ಇಂಪಾದ ದನಿ. ಒಂದು ನಿಮಿಷ ಸಂಗೀತ ಹಾಕಿ ಮತ್ತೆ ಬಂದು ಅದೇ ಮಾತು ಹೇಳಿತು. ಅದು ಯಂತ್ರ ಎಂದು ವಾಚಿನವರಿಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ಇಪ್ಪತ್ತು ನಿಮಿಷ ಫೋನು ಇಡಲಿಲ್ಲ. ಹೀಗೆ ಅಮೂಲ್ಯ ಎಂದು ಇಪ್ಪತ್ತು ಸಲ ಅವರಿಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜಗಳ ಫೋನಿನಿಂದ ಇಳಿದು ಮೆಟ್ಟಿಲಿಗೆ ಬಂತು. ವಾಚಿನವರ ಬಾಗಿಲ ಎದುರಿಗೇ ಏಳು ಮನೆಯವರು ಮೇಲಿನ ಮೆಟ್ಟಿಲುಗಳ ಮೇಲೆ, ಏಳು ಮನೆಯವರು ಕೆಳಗಿನವುಗಳ ಮೇಲೆ. ಎರಡು ಸೇನೆಯ ನಡುವೆ, ತಮ್ಮ ಹೊಸಿಲಲ್ಲಿ, ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ವಾಚಿನವರು.

"ಇವ್ರ ಓಟು ಲೆಕ್ಕಕ್ಕೇ ಬರಲ್ಲ!"

"ಮೊದಲು ಒತ್ತಿದ್ದು ಲೆಕ್ಕ!"

"ಕೊನೇದೇ ಲೆಕ್ಕ! ಮನುಷ್ಯ ಯೋಚನೆ ಮಾಡಿ ಬದಲಾಯಿಸ್ದ!"

"ನಾನೊಂದು ಮಾತು..." ವಾಚಿನವರು ಚೀಟಿ ಎತ್ತಿದರು. "ನಾಳೆ ನನ್ನ ಕಣ್ಣಿಗೆ..."

"ಸ್ವಾಮಿ, ಇಲ್ಲಿ ಜನ ಸಾಯ್ತಿರೋ ವಿಷಯ ಮಾತಾಡ್ತಿದೀವಿ," ಎಂದು ಯಾರೋ ಗದರಿದರು. "ಕಣ್ಣಿನ ವಿಷಯ ಆಮೇಲೆ."

ಆಗ ವಾಚಿನವರಿಗೆ ರೇಗಿತು. ಅವರಿಗೆ ರೇಗಿದ್ದನ್ನು ಆ ಕಟ್ಟಡದಲ್ಲಿ ಯಾರೂ ನೋಡಿರಲಿಲ್ಲ, ಅವರಿಗೇ ನೆನಪಿರಲಿಲ್ಲ.

"ಸತ್ತೋರಿಗೆ ನನಗೂ ಅಳು ಬರುತ್ತೆ ಕಣ್ರೀ! ಆ ಕಡೆಯೋರಿಗೂ ಬರುತ್ತೆ, ಈ ಕಡೆಯೋರಿಗೂ ಬರುತ್ತೆ. ಯಾರ ಮನೇಲಾದ್ರೂ ಸರಿ, ಕುರ್ಚಿ ಖಾಲಿ ಆದ್ರೆ ಅದು ಖಾಲೀನೇ. ನನ್ನ ಮನೇಲೂ ಒಂದಿದೆ, ಯಾರಾದ್ರೂ ಕೇಳಿದ್ರಾ? ಇಷ್ಟು ದೂರದೋರಿಗೆ ಇಷ್ಟು ಮರುಗ್ತೀರಿ, ಒಳ್ಳೇದೇ. ನಾಳೆ ಬೆಳಿಗ್ಗೆ ಒಬ್ರು, ಒಂದೇ ಒಬ್ರು, ಬಂದು ಬೆಂಚಿನ ಮೇಲೆ ಕೂತ್ಕೊಳ್ಳಿ. ನಾನು ಕೇಳ್ತಿರೋದು ಅಷ್ಟೇ!"

ಡಾಕ್ಟ್ರು ತಲೆ ತಗ್ಗಿಸಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಖಂಡಿತ ಬರೋಣ ರೀ, ಅದೇನು ದೊಡ್ಡ ವಿಷಯ," ಎಂದರು ಮೇಷ್ಟ್ರು. "ಮೊದಲು ಇದೊಂದು ಇತ್ಯರ್ಥ ಆಗಿಬಿಡ್ಲಿ."

"ಹೌದು, ಮೊದಲು ಇತ್ಯರ್ಥ," ಎಂದರು ಡಾಕ್ಟ್ರು. ಹತ್ತು ದಿನದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಮತ್ತೆ ಕೂಗಾಟ ಶುರುವಾಯಿತು. ವಾಚಿನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಹೊರಗೂ ಸದ್ದಡಗಿತು.

ಎರಡು ಗಂಟೆಗೆ ಖಾತೆ ತೆರೆಯಿತು. ಭೂತಗನ್ನಡಿ ಹಾಕಿಕೊಂಡು, ಒಂದೊಂದೇ ಅಕ್ಷರ ಓದುತ್ತಾ, ಮೊದಲು ಆ ಎರಡು ಗುರುತನ್ನೂ ಅಳಿಸಿದರು. ಕೆಟ್ಟು ನಿಂತ ಗಡಿಯಾರ ಮತ್ತೆ ಓಡಿದಾಗ ಆಗುತ್ತಿತ್ತಲ್ಲ, ಅಂಥ ಸಂತೋಷವಾಯಿತು. ಆ ಹುರುಪಿನಲ್ಲಿ ಅಲ್ಲೇ ಕೆಳಗಿದ್ದ 'ಹೊಸ ಓಟಿಂಗ್' ಒತ್ತಿ, ಮುಕ್ಕಾಲು ಗಂಟೆ ಕೂತು ಬರೆದರು: 'ನಾಳೆ ಎಂಟಕ್ಕೆ ನನ್ನ ಕಣ್ಣಿನ ಆಪರೇಷನ್. ನನ್ನ ಜೊತೆ ಬರುತ್ತೀರಾ?' ಮೇಲಿನ ಸಾಲು 'ಬರುತ್ತೇವೆ', ಕೆಳಗಿನದು 'ಆಗುವುದಿಲ್ಲ'. ಕಳಿಸಿದರು. ಫೋನು ಟಿಣ್ ಅಂದಿತು. ಹೆಬ್ಬೆರಳು ಹೋಗಿ ಮೇಲಿನ ಸಾಲನ್ನು ಒತ್ತಿತು.

ನೋಡುತ್ತಾ ಕೂರಲಾರದೆ ಫೋನು ಅಲ್ಲೇ ಇಟ್ಟು ಒಳಗೆ ಹೋಗಿ ಟೀಗೆ ಇಟ್ಟರು. ಬಂದು ಭೂತಗನ್ನಡಿಯಲ್ಲಿ ನೋಡುತ್ತಾರೆ, ಹೊಸ ಅಪ್‌ಡೇಟು ಹಸಿರು ಅಕ್ಷರದಲ್ಲಿ ಬರೆದಿದೆ: 'ಗ್ರೂಪಿನ ಸದಸ್ಯರೆಲ್ಲರೂ ಮತ ಹಾಕಿದ್ದಾರೆ. ಬರುತ್ತೇವೆ: ಶೇಕಡಾ ನೂರು.'

ಅಕ್ಷರ ಅಕ್ಷರ ಮುಟ್ಟಿ ಎರಡು ಸಲ ಓದಿದರು. ಆಮೇಲೆ ಕೂತು ಅತ್ತರು. ಛೇ, ಎಂಥ ಜನರ ಮೇಲೆ ಕೂಗಾಡಿಬಿಟ್ಟೆ ಎಂದು ನಾಚಿಕೆಯಾಯಿತು. ತಂಗಿಗೆ ಫೋನು ಮಾಡಿದರು.

"ಯಾರಾದ್ರೂ ಸಿಕ್ಕಿದ್ರಾ ಅಣ್ಣ? ನನ್ನ ಜೀವ ಇಲ್ಲಿ ಕುದೀತಾ ಇದೆ."

"ಎಲ್ಲಾರೂ ಬರ್ತಾರಂತೆ ಕಣಮ್ಮ! ಇಡೀ ಕಟ್ಟಡ! ಬೆಂಚು ಸಾಕಾಗುತ್ತೋ ಇಲ್ವೋ ಅನ್ನೋದೇ ನನ್ನ ಚಿಂತೆ."

ತಂಗಿ ಆ ಕಡೆ ನಕ್ಕಳು, ಅತ್ತಳು. "ಇವತ್ತು ನಿದ್ದೆ ಮಾಡ್ತೀನಿ ಅಣ್ಣ," ಎಂದಳು.

ವಾಚಿನವರು ಕಪಾಟಿನಿಂದ ಹೆಂಡತಿಯ ಕಾಲದ ಹೂವಿನ ಚಿತ್ರದ ಲೋಟಗಳನ್ನು ತೆಗೆದರು. ನಾಲ್ಕು ವರ್ಷದ ಧೂಳು. ಒಂದೊಂದನ್ನೂ ತೊಳೆದು, ಒರೆಸಿ, ಮೇಜಿನ ಮೇಲೆ ಹದಿನಾಲ್ಕು ಜೋಡಿಸಿದರು. ಹೊರಡುವ ಮುಂಚೆ ಎಲ್ಲರಿಗೂ ಒಂದೊಂದು ಗುಟುಕು ಟೀ ಕೊಡದಿದ್ದರೆ ಚೆನ್ನಾಗಿರುತ್ತದೆಯೇ?

ಐದೂವರೆಗೆ ಯಾರೋ ಬಾಗಿಲು ತಟ್ಟಿದರು. ಪಂಪಿನವನು.

"ಸಾರ್, ಸಂಜೆ ನೀರಿಗೆ ನೀವು ಒತ್ತೇ ಇಲ್ಲ?"

"ನೀನು ಓಟಿಂಗ್ ಹಾಕ್ಲೇ ಇಲ್ವಲ್ಲಪ್ಪ."

"ಹಾಕಿದೀನಿ ಸಾರ್, ಎರಡು ಕಡೇನೂ ಹಾಕಿದೀನಿ." ಪಂಪಿನವನು ಇವರ ಫೋನು ತೆಗೆದುಕೊಂಡು ನೋಡಿದ. "ಅಯ್ಯೋ, ನೀವಿನ್ನೂ ಹಳೇದ್ರಲ್ಲೇ ಇದೀರಾ? ಮಧ್ಯಾಹ್ನವೇ ಗ್ರೂಪು ಒಡೀತಲ್ಲ ಸಾರ್. ಡಾಕ್ಟ್ರು ಒಂದು ಹೊಸ ಗ್ರೂಪು ಮಾಡಿದ್ರು, ಮೇಷ್ಟ್ರು ಒಂದು ಮಾಡಿದ್ರು. ಏಳು ಮನೆ ಅಲ್ಲಿಗೆ, ಏಳು ಮನೆ ಇಲ್ಲಿಗೆ. ಬೀಗದ ಮನೆಯೋರೂ ಊರಿಂದಾನೇ ಬಿಟ್ರು. ನಾನೂ ಬಿಟ್ಟೆ, ಮೂರು ಮೂರು ಗ್ರೂಪು ಯಾರು ನೋಡ್ತಾರೆ? ಈಗ ಇದ್ರಲ್ಲಿ ಇರೋದು ನೀವೊಬ್ರೇ."

ವಾಚಿನವರು ಮೇಜಿನ ಕಡೆ ನೋಡಿದರು. ಹದಿನಾಲ್ಕು ಲೋಟವೂ ಮಬ್ಬಾಗಿ ಒಂದೇ ಬಿಳಿ ಗೆರೆಯ ಹಾಗೆ ಕಂಡಿತು.

"ಮತ್ತೆ ನಾಳೆ ಆಸ್ಪತ್ರೆಗೆ..."

"ಅದಕ್ಕೇನು ಸಾರ್, ಮೇಷ್ಟ್ರು ಬರ್ತಾರಲ್ಲ. ಡಾಕ್ಟ್ರೇ ಹೇಳಿದ್ರು, ಅವ್ರು ಮೇಷ್ಟ್ರ ಕಡೆ, ಮೇಷ್ಟ್ರು ನೋಡ್ಕೋತಾರೆ ಬಿಡು ಅಂತ." ಪಂಪಿನವನು ತಲೆ ಕೆರೆದುಕೊಂಡ. "ಅಲ್ಲ, ಮೇಷ್ಟ್ರೂ ಅದೇ ಅಂದ್ರು. ಅವ್ರು ಡಾಕ್ಟ್ರ ಕಡೆ, ಡಾಕ್ಟ್ರು ನೋಡ್ಕೋತಾರೆ ಅಂತ."

"ನೀನು ಬರ್ತೀಯೇನಪ್ಪ?"

ಪಂಪಿನವನು ನಿಜಕ್ಕೂ ಪೇಚಾಡಿಕೊಂಡ. "ಬರ್ತಿದ್ದೆ ಸಾರ್, ನಿಮ್ಮಾಣೆ. ಆದ್ರೆ ನಾಳೆಯಿಂದ ಅವ್ರಿಗೇ ಬೇರೆ ನೀರು, ಇವ್ರಿಗೇ ಬೇರೆ ನೀರು. ಏಳಕ್ಕೊಂದು ಸಲ, ಎಂಟಕ್ಕೊಂದು ಸಲ ಬಿಡ್ಬೇಕು. ನಾನು ಬಂದ್ರೆ ಇಲ್ಲೇ ಯುದ್ಧ ಆಗುತ್ತೆ. ಬೇಕಾದ್ರೆ ಇಬ್ಬರನ್ನೂ ಹೋಗಿ ಕೇಳ್ತೀನಿ. ಆದ್ರೆ ನೀವು ಯಾವ ಕಡೆ ಅಂತ ಮೊದ್ಲು ಹೇಳ್ಬೇಕಾಗುತ್ತೆ. ಹೇಳಿ ಸಾರ್, ಯಾವುದಕ್ಕೆ ಸೇರಿಸ್ಲಿ?"

ವಾಚಿನವರು ಬಾಯಿ ತೆರೆಯುವ ಮೊದಲೇ ಫೋನು ರಿಂಗಾಯಿತು. ಆಸ್ಪತ್ರೆಯದು. ಇಲ್ಲೂ ಯಂತ್ರದ ದನಿಯೇ, ಅದೂ ಇಂಪಾಗಿಯೇ ಇತ್ತು. "ನಾಳಿನ ಆಪರೇಷನ್ನಿಗೆ ನಿಮ್ಮ ಜೊತೆ ಬರುವವರಿದ್ದರೆ ಒಂದನ್ನು ಒತ್ತಿ. ಇಲ್ಲದಿದ್ದರೆ ಎರಡನ್ನು ಒತ್ತಿ. ನಿಮ್ಮ ದಿನಾಂಕ ರದ್ದಾಗುತ್ತದೆ."

ಒಂದು ಮೇಲಿನ ಸಾಲಿನಲ್ಲಿತ್ತು. ಹೆಬ್ಬೆರಳು ಹೋಗಿ ಅದನ್ನು ಒತ್ತಿತು.

"ಧನ್ಯವಾದ," ಎಂದಿತು ದನಿ.

"ಯಾರು ಸಾರ್ ಬರೋದು?" ಎಂದ ಪಂಪಿನವನು.

"ಎಲ್ಲಾರೂ," ಎಂದರು ವಾಚಿನವರು. ಒಂದು ಲೋಟಕ್ಕೆ ಟೀ ಬಗ್ಗಿಸಿ ಅವನ ಮುಂದೆ ಹಿಡಿದರು. "ಬಾ, ಕೂತ್ಕೊ."

"ಟೈಮಿಲ್ಲ ಸಾರ್," ಎಂದು ಅವನು ಮೆಟ್ಟಿಲು ಇಳಿದುಹೋದ.