ಮಗ್ಗದ ಕುಣಿಯಲ್ಲಿ ಹೈದರಾಬಾದಿನ ಅಡುಗೆ

ನಳಪಾಕ, ಭೀಮಪಾಕಗಳ ಸಾಲಿಗೆ ಗುರಲಿಂಗಪಾಕವೂ ಸೇರಲೇಬೇಕು! ಆ ಭಾನುವಾರ ಬೆಳಿಗ್ಗೆ ಹೀಗೆಂದು ನಾನು ಧೋತರದ ಕಚ್ಚೆ ಬಿಗಿದೆ.

"ರೇಣವ್ವಾ, ಇವತ್ತ ಒಲಿ ಕಡೆ ನೀ ಹಾಯಬ್ಯಾಡ. ಖಂಡದ ಅಡಗಿ ನಾನ ಮಾಡ್ತೇನಿ!"

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಚಾ ಕಾಸಾಕ ಹೋಗಿ ಒಲಿ ಆರಿಸಿದವರು ನೀವು. ಇವತ್ತರ ಬ್ಯಾಡ್ರಿ. ಬೋರವ್ವ ಊಟಕ್ಕ ಬರಾಕಿ ಅದಾಳ."

"ಆಕಿ ಬರ್ತಾಳಂತನ ಮಾಡಾಕತ್ತೇನಿ."

ಬೋರವ್ವ ನನ್ನ ಗೆಳೆಯ ಮಲಕಪ್ಪನ ಹೆಂಡತಿ. ಸಂಕ್ರಾಂತಿ ಮುಗಿದ ಮೇಲೆ ಕಂಬಳಿ ಮಾರಲು ಕಮತಗಿ ಸಂತೆಗೆ ಹೋದ ಮಲಕಪ್ಪ, ಬಸ್ಸಿಳಿದು ಕಂಬಳಿ ಗಂಟಿನ ಮೇಲೆಯೇ ಕುಳಿತನಂತೆ. ಮತ್ತೆ ಏಳಲಿಲ್ಲ. ಇದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಬರುವುದಿಲ್ಲ. ಕಪಾಟು ತುಂಬ ಪುಸ್ತಕ ಓದಿದವನಿಗೆ ಇಂಥ ಹೊತ್ತಿನಲ್ಲಿ ಮಾತು ಸಿಗುತ್ತದೆ ಎನ್ನುವುದು ಸುಳ್ಳು.

ದಿನಕರ್ಮ ಮುಗಿದ ಮೇಲೆ ಸಾವಾದ ಮನೆಯವರನ್ನು ಬೇಕಾದವರು ಕರೆದು ಖಂಡದ, ಅಂದರೆ ಮಾಂಸದ, ಊಟ ಹಾಕುವುದು ನಮ್ಮ ಕಡೆಯ ರೀತಿ. ಬೋರವ್ವನನ್ನು ತವರಿನವರು ಕರೆದರು, ಬೀಗರು ಕರೆದರು. ಎಲ್ಲ ಕಡೆಯೂ ತುತ್ತು ಮುಟ್ಟಿದಂತೆ ಮಾಡಿ ಎದ್ದು ಬಂದಿದ್ದಳು. ಮನೆಯಲ್ಲೂ ಮಜ್ಜಿಗೆ ಕುಡಿದುಕೊಂಡೇ ಒಣಗುತ್ತಿದ್ದಳು. ನಮ್ಮ ಮನೆಯಲ್ಲಾದರೂ ಆಕೆ ಹೊಟ್ಟೆ ತುಂಬ ಉಣ್ಣಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಅದಕ್ಕೆ ನನ್ನ ಬತ್ತಳಿಕೆಯಲ್ಲಿ ಬ್ರಹ್ಮಾಸ್ತ್ರವೊಂದಿತ್ತು! ಹಿಂದಿನ ದಸರೆ ಸೂಟಿಯಲ್ಲಿ ನಾವು ಎರಡೂ ಮನೆಯವರು ಹೈದರಾಬಾದ್ ನೋಡಲು ಹೋಗಿದ್ದೆವು. ಅಲ್ಲಿಯ ಹೋಟೆಲಿನಲ್ಲಿ ಹೆಂಗಸರು ಪಡದೆಯ ಹಿಂದಿನ ಫ್ಯಾಮಿಲಿ ರೂಮಿಗೆ ಹೋದರು. ನಾನು, ಮಲಕಪ್ಪ ಪಡದೆಗೆ ಹತ್ತಿಯೇ ಹೊರಗೆ ಕುಳಿತೆವು. ಮೊಸರು, ಹುರಿದ ಉಳ್ಳಾಗಡ್ಡಿ ಹಾಕಿ, ಮುಚ್ಚಳಕ್ಕೆ ಕಣಕ ಮೆತ್ತಿ, ಅರ್ಧ ದಿನ ಕೆಂಡದ ಮೇಲೆ ಬೇಯಿಸಿದ ಮರಿಖಂಡ ಬಂತು. ಬಾಯಿಗಿಟ್ಟರೆ ಬೆಣ್ಣೆ! ಮಲಕಪ್ಪ ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತು ಉಂಡ. ಇತ್ತ ತಿರುಗಿದಾಗ ಕಣ್ಣಲ್ಲಿ ನೀರು!

"ಯಾಕಲೇ, ಏನಾತು?"

"ಏನಿಲ್ಲೋ ಗುರ್ಯಾ. ಭಾಳ ಚಲೋ ಐತಿ."

ರುಚಿಗೆ ಸೋತು ಅತ್ತ ಮನುಷ್ಯನನ್ನು ಕಂಡದ್ದು ಅದೇ ಮೊದಲು. ಬಡಿಸುವವನಿಂದ ಮಾಡುವ ಬಗೆ ಕೇಳಿಕೊಂಡು, "ಊರಿಗೆ ಹೋದಮ್ಯಾಲ ನಾನ ಮಾಡಿ ಹಾಕ್ತೇನಿ" ಎಂದು ಮಾತು ಕೊಟ್ಟೆ. ಹುನಗುಂದಕ್ಕೆ ಬಂದ ಮೇಲೆ ನಾನು ಮಾಡಲು ಹೊರಟಾಗಲೆಲ್ಲ ಅವನಿಗೇ ಪುರುಸೊತ್ತಿಲ್ಲ! ಒಮ್ಮೆ ಇಳಕಲ್ಲಿಗೆ ಹೋಗಬೇಕು, ಒಮ್ಮೆ ಗುಳೇದಗುಡ್ಡಕ್ಕೆ, ಒಮ್ಮೆ ಹಲ್ಲುಬೇನೆ. ಕೊಟ್ಟ ಮಾತು ಹಾಗೇ ಉಳಿಯಿತು.

ಈಗ ಆ ಮಾತು ತೀರಿಸುವ ಮುಹೂರ್ತ. ಅರ್ಧ ದಿನ ಕಾವು ಹಿಡಿಯುವ ಒಲೆ ಎಲ್ಲಿದೆ? ಪಡಸಾಲೆಯಲ್ಲಿ ನಮ್ಮಪ್ಪ ಕಂಬಳಿ ನೇಯುತ್ತಿದ್ದ ಮಗ್ಗ ಹೋಗಿ, ಕಾಲು ಇಳಿಬಿಡುವ ಕುಣಿ ಮಾತ್ರ ಉಳಿದಿತ್ತು. ಅದಕ್ಕೆ ಸಗಣಿ ಕುಳ್ಳಿನ ಕೆಂಡ ಸುರಿದು, ಮೊಸರು ಕಲಸಿದ ಖಂಡದ ಬೋಗೋಣಿ ಇಳಿಸಿದೆ.

"ಮಾವನವರು ಕುಂತು ನೇದ ಜಾಗಾರಿ ಅದು!"

"ಅಪ್ಪನೂ ಖಂಡ ತಿಂತಿದ್ದ ತಗೋ, ಏನೂ ಅನ್ನಂಗಿಲ್ಲ."

ಮುಚ್ಚಳಕ್ಕೆ ಹಿಟ್ಟು ಮೆತ್ತಬೇಕಲ್ಲ! ಕೈಗೆ ಸಿಕ್ಕ ಜೋಳದ ಹಿಟ್ಟನ್ನೇ ನಾದಿ ಮೆತ್ತಿದೆ. ಕಾವು ತಾಗುತ್ತಲೇ ಅದು ಬೇಸಿಗೆಯ ಎರೆಹೊಲದಂತೆ ಬಿರಿಯಿತು. ಬಿರುಕಿನಿಂದ ಹೊರಟ ವಾಸನೆ ಹಿತ್ತಿಲ ಗೋಡೆ ಹಾರಿತು. ಗೋಡೆಯ ಮೇಲೆ ನೆರೆಮನೆಯ ರಾಚಪ್ಪನವರ ವಿಭೂತಿ ಹಣೆ ಮೂಡಿತು.

"ಮಾಸ್ತರ್ರ, ಲಿಂಗಪೂಜಿಗೆ ಕುಂತೇನ್ರಿ. ಕಣ್ಣ ಮುಚ್ಚಿದ್ರ ನಿಮ್ಮ ಬೋಗೋಣಿನ ಕಾಣಾಕತ್ತೈತಿ!"

"ಏನ ಮಾಡ್ಲಿ ರಾಚಪ್ಪನವರ, ಮುಚ್ಚಳಕ್ಕ ಹಿಟ್ಟ ನಿಲ್ಲವಲ್ದು."

"ಜ್ವಾಳದ ಹಿಟ್ಟ ಎಲ್ಲಿ ನಿಂತೀತ್ರಿ? ತಡೀರಿ." ಗೋಡೆಯ ಮೇಲಿಂದ ಗೋಧಿ ಹಿಟ್ಟಿನ ಬಟ್ಟಲು ಇಳಿಯಿತು. "ಶಿವಶಿವಾ! ಇದನ್ನ ಕೊಟ್ಟಾಂವ ನಾ ಅಂತ ಮಾತ್ರ ಯಾರ ಮುಂದೂ ಅನಬ್ಯಾಡ್ರಿ!"

ಗೋಧಿ ಕಣಕ ಮೆತ್ತಿದೆ. ವಾಸನೆ ಬಂದ್! ಅಷ್ಟರಲ್ಲಿ ಕೆಂಡ ಮಂಕಾಗಿತ್ತು. ಹಿತ್ತಿಲ ಕುಳ್ಳೆಲ್ಲ ತಂದು ಸುರಿದೆ. ಅವು ಹಸಿಯಿದ್ದವು ಎಂಬುದು ಹೊಗೆ ಬೆಳಕಿಂಡಿಯಿಂದ ಕಂಬದಂತೆ ಮೇಲೆದ್ದ ಮೇಲೆ ತಿಳಿಯಿತು. ಹೊರಗೆ ಯಾರೋ ಕೂಗಿದರು: "ಮಾಸ್ತರ ಮನಿಗೆ ಬೆಂಕಿ ಬಿತ್ರೋ!"

ಆಮೇಲಿನದು ಸಾಕ್ಷಾತ್ ಗಂಗಾವತರಣ! ಎದುರು ಮನೆಯ ಹುಲ್ಲಪ್ಪ ಎರಡು ಕೊಡ ಹೊತ್ತು ನುಗ್ಗಿದ. ಹಿಂದೆಯೇ ಓಣಿಯ ಕೊಡಗಳೆಲ್ಲ ಬಂದವು. "ಬೆಂಕಿ ಅಲ್ರೋ, ಅಡಗಿ!" ಎಂದು ನಾನು ಅರಚುವಷ್ಟರಲ್ಲಿ ಕುಣಿ ಹೊಂಡವಾಗಿತ್ತು. ಹೊಗೆ ಸರಿದಾಗ ಬೋಗೋಣಿ ಹಡಗಿನಂತೆ ತೇಲುತ್ತಿತ್ತು. ಗೋಧಿ ಕಣಕ ಒಂದು ಹನಿ ನೀರನ್ನೂ ಒಳಗೆ ಬಿಟ್ಟಿರಲಿಲ್ಲ!

ಬಾಗಿಲಲ್ಲಿ ಬೋರವ್ವ ನಿಂತಿದ್ದಳು.

ಮಸಿ ಮುಖದ ನನ್ನನ್ನು, ಹುಲ್ಲಪ್ಪನ ಕೊಡವನ್ನು ನೋಡಿ, "ನಾ ಇನ್ನೊಂದ ದಿನ ಬರ್ತೇನಿ ತಗೋರಿ ಅಣ್ಣಾ" ಎಂದು ತಿರುಗಿದಳು. ಇವತ್ತು ಹೋದರೆ ಮತ್ತೆ ಬರುವವಳಲ್ಲ. ರೇಣವ್ವ ಓಡಿಹೋಗಿ ಆಕೆಯ ಕೈ ಹಿಡಿದಳು. "ಕುಂಡ್ರ ಬಾ ಬೋರವ್ವಾ. ರೊಟ್ಟಿ ಬಡದೇನಿ."

ಬೋಗೋಣಿ ಮಾಮೂಲು ಒಲೆ ಏರಿತು. ಅರೆಬೆಂದ ಖಂಡ ರೇಣವ್ವನ ಕೈಯಲ್ಲಿ ಬೇಗನೆ ಬೆಂದಿತು. ಆಕೆ ಖಾರದ ಡಬ್ಬಿಗೆ ಕೈ ಹಾಕಿದಾಗ ಮಾತ್ರ ನಾನು ತಡೆದೆ. "ಮುಟ್ಟಬ್ಯಾಡ! ಇದು ಮಲಕಪ್ಪ ಅತ್ತ ರುಚಿ!"

ಬಡಿಸಿದೆವು. ಬೋರವ್ವ ಒಂದು ತುತ್ತು ಬಾಯಿಗಿಟ್ಟಳು. ಕೈ ಅಲ್ಲೇ ನಿಂತಿತು.

"ಉಣ್ಣ ತಂಗೀ," ಎಂದೆ. "ಹೈದರಾಬಾದನ್ಯಾಗ ಇದನ್ನ ಉಂಡು ಅವ ಕಣ್ಣೀರ ಹಾಕಿದ್ದ."

ಬೋರವ್ವ ರೇಣವ್ವನ ಮುಖ ನೋಡಿದಳು. ಇಬ್ಬರ ತುಟಿಗಳೂ ಅದುರಿದವು. ಅಳು ಬಂತೆಂದುಕೊಂಡೆ. ಬೋರವ್ವ ತನ್ನ ಎಲೆ-ಅಡಿಕೆ ಸಂಚಿಯಿಂದ ಕಾಗದದ ಪುಟ್ಟ ಪೊಟ್ಟಣ ತೆಗೆದಳು. ಬಿಚ್ಚಿದರೆ ಕೆಂಪು ಖಾರದ ಪುಡಿ!

"ಅವರು ಅತ್ತಿದ್ದು ಇದಕ್ಕರಿ ಅಣ್ಣಾ. 'ಖಂಡಕ್ಕ ಮೊಸರ ಹಾಕ್ಯಾರ, ಗಂಟಲಾಗ ಇಳಿವಲ್ದು. ಗುರ್ಯಾ ನೊಂದ್ಕೋತಾನ, ಸುಮ್ಮನ ಖಾರ ಕೊಡು' ಅಂದ್ರು. ಪಡದೆ ಸಂದ್ಯಾಗಿಂದ ನಾನ ಕೊಟ್ಟಿದ್ದೆ. ಗ್ವಾಡಿ ಕಡೆ ತಿರುಗಿ ಹಚಗೊಂಡು ಉಂಡ್ರು."

"ಹಂಗಾರ, ಆ ಹಲ್ಲಬ್ಯಾನಿ?"

"ಅದನ್ನೂ ನಾನ ಹೇಳಿಕೊಟ್ಟಿದ್ದೆ!"

ನಾನು ಹೆಂಡತಿಯ ಕಡೆ ತಿರುಗಿದೆ. "ನಿನಗೂ ಗೊತ್ತಿತ್ತೇನ?"

"ಆ ಪುಡಿ ಕುಟ್ಟಿಕೊಂಡ ಬಂದಾಕಿನ ನಾನು!"

ಬೋರವ್ವ ನಕ್ಕಳು. ಅಷ್ಟು ದಿನಗಳ ಮೇಲೆ, ಸೆರಗು ಬಾಯಿಗೆ ಒತ್ತಿ ನಕ್ಕಳು. "ನೀವು ಯಾವತ್ತ ಮಾಡಿ ಕರೀತೀರೋ ಅಂತ ಹೆದರಿ ಕೋಟಿನ ಕಿಸೆದಾಗ ಇದನ್ನ ಇಟಗೊಂಡ ಅಡ್ಡಾಡತಿದ್ರು ಅಣ್ಣಾ. ಕೋಟು ಒಗಿಯಾಕ ತಗದಾಗ ಸಿಕ್ತು."

ಖಂಡದ ಮೇಲೆ ಪುಡಿ ಉದುರಿಸಿಕೊಂಡು ಉಂಡಳು. ಇನ್ನೊಂದು ರೊಟ್ಟಿ ಕೇಳಿದಳು. ಆಮೇಲೆ ಪೊಟ್ಟಣವನ್ನು ನನ್ನತ್ತ ಸರಿಸಿದಳು. "ನೀವೂ ಹಚಗೋರಿ."

ಹಚ್ಚಿಕೊಂಡೆ. ಒಂದು ತುತ್ತು ಉಂಡು, ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತೆ.

"ಯಾಕ್ರಿ, ಏನಾತು?" ಎಂದಳು ರೇಣವ್ವ.

"ಏನಿಲ್ಲ," ಎಂದೆ. "ಭಾಳ ಚಲೋ ಐತಿ."