ದೊಡ್ಡಪ್ಪನ ರುಮಾಲು ಇಳಿದಾಗ

ನಮ್ಮ ದೊಡ್ಡಪ್ಪನಿಗೆ ತಲೆಯೊಳಗೆ ಇದ್ದದ್ದಕ್ಕಿಂತ ತಲೆಯ ಮೇಲೆ ಇದ್ದದ್ದೇ ಹೆಚ್ಚು! ಹೀಗೆಂದರೆ ಅವನಿಗೆ ಸಿಟ್ಟೇನೂ ಬರುತ್ತಿರಲಿಲ್ಲ. ಸಿಂದಗಿಯಲ್ಲಿ ಗೌಂಡಿ ಕೆಲಸ ಮಾಡುತ್ತ ಗೋಡೆ ಕಟ್ಟುತ್ತಿದ್ದ ಅವನ ರುಮಾಲಿನ ಮಡಿಕೆಗಳಲ್ಲಿ ಪೆನ್ಸಿಲ್ಲು, ಅಳತೆಯ ದಾರ, ಅಡಿಕೆ ಚೂರು ಎಲ್ಲವೂ ಸಿಗುತ್ತಿದ್ದವು. ನಾವು ಕ್ರೈಸ್ತರು, ಪ್ರಾರ್ಥನೆಗೆ ನಿಂತಾಗ ನಮ್ಮ ಗಂಡಸರು ತಲೆಯ ಮೇಲಿನದನ್ನು ತೆಗೆಯುತ್ತಾರೆ. ಉಳಿದವರು ಭಾನುವಾರ ತೆಗೆದರೆ ದೊಡ್ಡಪ್ಪ ಯಾರು ಏನು ಕೇಳಿದರೂ ತೆಗೆಯುತ್ತಿದ್ದ. ದೇವರಿಗೆ ಅಂಜದವನಿಗೆ ಬುದ್ಧಿ ಎಲ್ಲಿಂದ ಬಂದೀತು ಎಂಬುದು ಅವನ ವಾದ. ಪ್ರಶ್ನೆ ಬಿದ್ದೊಡನೆ ರುಮಾಲು ತೊಡೆಯ ಮೇಲೆ, ಕಣ್ಣು ಮುಚ್ಚಿ ಪ್ರಾರ್ಥನೆ, ಆಮೇಲೆ ಉತ್ತರ. ನಾನು ಅಕ್ಕೋರಾಗಲು, ಅಂದರೆ ಶಾಲೆಯ ಶಿಕ್ಷಕಿಯಾಗಲು, ಕಲಿಯಬೇಕೋ ಬೇಡವೋ ಎಂಬುದೂ ಒಂದು ದಿನ ಇದೇ ರುಮಾಲಿನ ಕೈಗೆ ಸಿಕ್ಕಿತು. ಅದನ್ನು ಆಮೇಲೆ ಹೇಳುತ್ತೇನೆ.

ಒಮ್ಮೆ ಇಂಡಿಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ಎಲ್ಲಿಗೆ ಎಂದ. ಇದೂ ಪ್ರಶ್ನೆಯೇ ತಾನೆ? ರುಮಾಲು ಇಳಿಯಿತು, ಪೆನ್ಸಿಲ್ಲು ಸೀಟಿನ ಕೆಳಗೆ ಉರುಳಿತು. ಅವನು ಉಳಿದ ಎಲ್ಲರಿಗೂ ಟಿಕೆಟ್ ಕೊಟ್ಟು ಬಂದರೂ ದೊಡ್ಡಪ್ಪನ ಕಣ್ಣು ಮುಚ್ಚಿಯೇ ಇತ್ತು! ಕಂಡಕ್ಟರ್ ರೇಗಿದ. ಸಿಂದಗಿಗೆ ಮುಟ್ಟಿಸುವವನನ್ನು ಕೇಳುತ್ತಿದ್ದೆ ಎಂದ ದೊಡ್ಡಪ್ಪ. ಮುಟ್ಟಿಸುವವನು ಡ್ರೈವರ್ ಎಂದು ಕಂಡಕ್ಟರ್ ತಿಳಿಸಿದ. ಅರ್ಧ ಹಾದಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಅದೇ ಕಂಡಕ್ಟರ್ ಬಂದು ಮೆಲ್ಲಗೆ ಅಂದ:

"ಇನ್ನೊಮ್ಮೆ ಕೇಳಿ ನೋಡ್ರಿ, ಹಿರ್ಯಾರ."

ಸಾಲೋಟಗಿಯದು ಇನ್ನೂ ದೊಡ್ಡ ಫಜೀತಿ. ಅಲ್ಲಿಯ ಒಂದು ಮನೆಗೆ ಕೆಲಸಕ್ಕೆ ಹೋದಾಗ ಆ ಮನೆಯ ಗೌಡರು, ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳಿದರು. ದೊಡ್ಡಪ್ಪ ರುಮಾಲು ತೆಗೆದು ಕಣ್ಣು ಮುಚ್ಚಿದ. ನಮ್ಮ ಕಡೆ ಹಿರಿಯರು ನಾಲ್ಕು ಜನರೆದುರು ರುಮಾಲು ತೆಗೆದರೆ ಏನರ್ಥ? ಮನೆಯಲ್ಲಿ ಸಾವಾಗಿದೆ ಎಂದೇ. ಗೌಡರು ಕಣ್ಣೊರೆಸಿಕೊಂಡರು, ಒಳಗೆ ಹೆಂಗಸರು ಅತ್ತರು. ಅವನು ಕಣ್ಣು ತೆರೆದು ಎಲ್ಲರೂ ಆರಾಮ ಎನ್ನುವಷ್ಟರಲ್ಲಿ ಸುದ್ದಿ ಊರು ದಾಟಿತ್ತು. ಮರುದಿನ ನಮ್ಮ ಮನೆಗೆ ಮಾತಾಡಿಸಲು ಬಂದವರಿಗೆ ಬಾಗಿಲು ತೆರೆದದ್ದು, ಅವರೆಲ್ಲ ಸತ್ತಳೆಂದು ನಂಬಿದ್ದ ದೊಡ್ಡವ್ವ! ಕೈಗೆ ರೊಟ್ಟಿ ಹಿಟ್ಟು ಬೇರೆ ಮೆತ್ತಿತ್ತು.

ಆಲಮಟ್ಟಿಯಲ್ಲಿ ಮನೆಗಳನ್ನು ಕಟ್ಟಿಸುತ್ತಿದ್ದ ಎಂಜಿನಿಯರ್ ಸಾಹೇಬರು ಪಾಯ ಇಷ್ಟು ಸಾಕಲ್ಲವೇ ಎಂದು ಕೇಳಿದರು. ರುಮಾಲು ಇಳಿಯಿತು, ಏರಿತು. ಇನ್ನೊಂದು ಮೊಳ ಅಗೆಯಬೇಕು ಎಂದ ದೊಡ್ಡಪ್ಪ. ಸಾಹೇಬರು ನಕ್ಷೆ ತೋರಿಸಿದರು.

"ನಕ್ಷಾ ನಿಮ್ದೈತ್ರಿ, ನೆಲ ಅವಂದೈತಿ."

ಸಾಹೇಬರು ತಮ್ಮ ಹ್ಯಾಟು ತೆಗೆದರು. ಸೆಕೆಗೆ ಇರಬೇಕು!

ಆದರೆ ಆ ಮುಚ್ಚಿದ ಕಣ್ಣಿನ ಹಿಂದೆ ನಡೆಯುತ್ತಿದ್ದುದಾದರೂ ಏನು? ನನಗೆ ಚಿಕ್ಕಂದಿನಿಂದ ಇದೇ ಕುತೂಹಲ. ಉಪ್ಪು ತರಲೇ ಎಂದರೆ ಒಂದು ಉಸಿರಿನಷ್ಟು ಹೊತ್ತು, ಹಳೆಯ ಸೂರು ತೆಗೆಸಿ ಹೊಸದು ಹಾಕಿಸಲೇ ಎಂದರೆ ಅರ್ಧ ತಾಸು. ಕೇಳಿ ತಿಳಿಯೋಣವೆಂದರೆ ಅದೂ ಪ್ರಶ್ನೆಯಾಗಿ ಮತ್ತೆ ರುಮಾಲು ಇಳಿಯುತ್ತಿತ್ತು!

ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷ ವಿಜಾಪುರದಿಂದ ಕಾಗದ ಬಂತು. ಶಿಕ್ಷಕಿಯರ ತರಬೇತಿಗೆ ಜಾಗ ಸಿಕ್ಕಿತ್ತು, ಎರಡು ವರ್ಷ ಅಲ್ಲೇ ಇರಬೇಕು. ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವರು ಮಕ್ಕಳಿಲ್ಲದ ಈ ಇಬ್ಬರೇ. ದೊಡ್ಡವ್ವ ಮುದ್ದೇಬಿಹಾಳದ ಒಂದು ಸಂಬಂಧ ಹಿಡಿದು ಕುಳಿತಿದ್ದಳು. ಮಧ್ಯಾಹ್ನದ ಟಪಾಲಿಗೆ ಉತ್ತರ ಹೋಗಬೇಕಿತ್ತು. ಹೋಗಲೇ ಎಂದು ದೊಡ್ಡಪ್ಪನನ್ನು ಕೇಳಿದೆ.

ರುಮಾಲು ಇಳಿಯಿತು. ಹೊರಗಿನ ಕಟ್ಟೆಯ ಮೇಲೆ ಕುಳಿತವನು ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ. ತಡೆಯಲಾರದೆ ನಾನು ಬಾಗಿಲ ಮರೆಗೆ ಹೋಗಿ ಕಿವಿಗೊಟ್ಟೆ. ದೊಡ್ಡ ದೊಡ್ಡ ಮಾತುಗಳಿರುತ್ತವೆ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ.

"ನನಗ ತಿಳೀವಲ್ದು, ತಂದಿ. ಆಕಿ ಹೋದ್ರ ಈ ಮನ್ಯಾಗ ನನ್ನ ಜೀವ ನಿಲ್ಲೂದಿಲ್ಲ. ಅದಕ್ಕ ನನ್ನ ಮಾತು ಕೇಳಬ್ಯಾಡ. ನೀನ ಹೇಳು."

ನಾನು ಒಳಗೆ ಬಂದು ಗೋಡೆಗೆ ಒರಗಿ ನಿಂತೆ. ಇಷ್ಟು ವರ್ಷ ನಕ್ಕದ್ದಕ್ಕೆ ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಬಂದ. ರುಮಾಲನ್ನು ಸೊಟ್ಟಗೆ ಸುತ್ತಿದ್ದ.

"ಹೋಗಿ ಬಾ, ಅಕ್ಕೋರ," ಎಂದ.

ಹೊರಡುವ ದಿನ ಬಸ್ಸಿನ ಕಿಟಕಿಯ ಹತ್ತಿರ ಅವನು ಬರಿದಲೆಯಲ್ಲಿ ನಿಂತಿದ್ದ. ಆ ದಿನ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಬಸ್ಸು ಹೊರಟಿತು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಊರು ಗೊತ್ತಿದ್ದರೂ ನಾನು ಕಣ್ಣು ಮುಚ್ಚಿದೆ.