ಹತ್ತು ನಿಮಿಷ ಕೂತಿರುವ ಗುರಿ

ನಾನು ವಿಶೇಷ ಶಿಕ್ಷಕಿ. ಶ್ರೀರಂಗಪಟ್ಟಣದ ಸುತ್ತಲಿನ ಶಾಲೆಗಳಿಗೆ ಬಸ್ಸಲ್ಲಿ ಹೋಗಿ, ಕಲಿಯಲು ತೊಡಕಿರುವ ಮಕ್ಕಳು ಈ ವರ್ಷ ಏನೇನು ಸಾಧಿಸಬೇಕು ಎಂದು ಗುರಿ ಬರೆದುಕೊಡುವುದು ನನ್ನ ಕೆಲಸ. ಬರೆಯುವಾಗ ಗಂಭೀರವಾಗಿಯೇ ಇರುತ್ತೇನೆ. ಆಮೇಲೆ ಆಗುವುದಕ್ಕೆ ನಾನು ಹೊಣೆಯಲ್ಲ.

ಕಿರಂಗೂರು ದಾಟಿದ ಮೇಲೆ ಸಿಗುವ ಒಂದು ಶಾಲೆಯಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳಿದ್ದಳು. ಕೂತ ಕಡೆ ಕೂರುವವಳಲ್ಲ. ಮೈಸೂರಿನ ಡಾಕ್ಟರು ಎ.ಡಿ.ಎಚ್.ಡಿ. ಎಂದಿದ್ದರು. ದಸರಾ ರಜೆಯೊಳಗೆ ಸುಧಾರಿಸದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಹೆಡ್‌ಮೇಷ್ಟ್ರು ಮನೆಯವರಿಗೆ ಹೇಳಿಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ಊರಲ್ಲಿ ಇದ್ದದ್ದೇ ಒಂದು ಶಾಲೆ.

ನಾಲ್ಕಕ್ಷರ

ಮೊದಲು ಅವಳ ಮನೆಗೆ ಹೋದೆ. ಇದು ತುಂಟತನವಲ್ಲ, ಮನಸ್ಸು ಒಂದೇ ಕಡೆ ನಿಲ್ಲುವುದಿಲ್ಲ, ಇದಕ್ಕೆ ಡಾಕ್ಟರು ಎ.ಡಿ.ಎಚ್.ಡಿ. ಅನ್ನುತ್ತಾರೆ ಎಂದು ಅವಳ ಅಜ್ಜಿಗೆ ವಿವರಿಸಿದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಎಲ್ಲ ಕೇಳಿಸಿಕೊಂಡು, ನೀವೇನು ಓದಿದ್ದೀರಿ ಎಂದು ವಿಚಾರಿಸಿದರು. ಬಿ.ಎಡ್. ಎಂದೆ. ಬೆರಳು ಮಡಿಸಿ ಎಣಿಸಿದರು.

"ನಿಮ್ದು ಎರಡಕ್ಷರ, ನಮ್ ಕೂಸಿಂದು ನಾಲ್ಕು. ಅವ್ಳಿಗೆ ನೀವೇನವ್ವ ಏಳ್ಕೊಟ್ಟೀರಿ?"

ಮಗುವಿನ ಸಾಮರ್ಥ್ಯ

ಅವಳ ಅಪ್ಪ ಮರಗೆಲಸದವರು. ಅವರನ್ನು ಶಾಲೆಗೆ ಕರೆಸಿ, ನಿಮ್ಮ ಮಗಳಿಗೊಂದು ಗುರಿ ಬೇಕು ಎಂದೆ. ಅವರ ಮುಖ ಅರಳಿತು.

"ಗುರಿ ಇಲ್ದೆ ಏನ್ ಮೇಡಂ. ಅವ್ಳು ಕಲ್ಲು ಬೀಸುದ್ರೆ ಉಣಸೆಕಾಯಿ ಗೊಂಚ್ಲೇ ಬೀಳ್ತದೆ."

ನನ್ನ ಫಾರಂನಲ್ಲಿ 'ಮಗುವಿನ ಸಾಮರ್ಥ್ಯ' ಎಂಬ ಖಾನೆ ಇತ್ತು. ಹೆಡ್‌ಮೇಷ್ಟ್ರು ಅಲ್ಲಿ 'ಏನೂ ಇಲ್ಲ' ಎಂದು ತುಂಬಿದ್ದರು. ಅದನ್ನು ಹೊಡೆದುಹಾಕಿ 'ಗುರಿ ಚೆನ್ನಾಗಿದೆ' ಎಂದು ಬರೆದೆ.

ಕುರ್ಚಿ

ಮೊದಲನೇ ಗುರಿ, ಹತ್ತು ನಿಮಿಷ ಕೂತಲ್ಲಿಂದ ಏಳದಿರುವುದು. ಅಪ್ಪ ಇದನ್ನು ತಮ್ಮ ಕಸುಬಿಗೆ ಬಂದ ಆರ್ಡರು ಎಂದುಕೊಂಡರು. ಮುಂದೊಂದು ಅಡ್ಡಪಟ್ಟಿ ಇರುವ ಪುಟ್ಟ ಕುರ್ಚಿ ಮಾಡಿ ತರಗತಿಯಲ್ಲಿ ತಂದಿಟ್ಟರು. ಎಷ್ಟು ನಯವಾಗಿತ್ತೆಂದರೆ ನನಗೇ ಕೂರುವ ಆಸೆಯಾಯಿತು.

ಮುಂದಿನ ವಾರ ಹೋದರೆ ಟೀಚರು ತಲೆ ಹಿಡಿದುಕೊಂಡಿದ್ದರು. ಹುಡುಗಿ ಏಳುತ್ತಿರಲಿಲ್ಲ, ನಿಜ. ಕುರ್ಚಿ ಸಮೇತ ಕುಪ್ಪಳಿಸಿಕೊಂಡು ಕಿಟಕಿಗೂ ಬಾಗಿಲಿಗೂ ಹೋಗಿ ಬರುತ್ತಿದ್ದಳು. ಗದರಿದರೆ, "ಎದ್ದಿಲ್ವಲ್ಲ ಮಿಸ್" ಅನ್ನುತ್ತಿದ್ದಳು. ನಾನು ಬರೆದದ್ದನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಮಗು ಇನ್ನೊಂದಿಲ್ಲ.

ಮೀಟಿಂಗು

ದಸರಾ ರಜೆಗೆ ಎರಡು ದಿನ ಮುಂಚೆ ತೀರ್ಮಾನದ ಮೀಟಿಂಗು. ಹೆಡ್‌ಮೇಷ್ಟ್ರು, ಟೀಚರು, ನಾನು. ಅಪ್ಪ ಟವೆಲು ಹಿಂಡುತ್ತಾ ತುದಿಯಲ್ಲಿ ಕೂತಿದ್ದರು. ಹುಡುಗಿಗೆ ಹಾಳೆ, ಪೆನ್ಸಿಲು ಕೊಟ್ಟು, ಏನಾದರೂ ಬರಿ ಎಂದು ಪಕ್ಕದಲ್ಲಿ ಕೂರಿಸಿಕೊಂಡೆ.

ಹೆಡ್‌ಮೇಷ್ಟ್ರು ಫೋನು ಬಂತೆಂದು ಎದ್ದರು. ಬಿಸಿಯೂಟದ ಸಾರು ನೋಡಲು ಎದ್ದರು. ಕಿಟಕಿಯಾಚೆಯ ಮಕ್ಕಳನ್ನು ಗದರಲು ಎದ್ದರು. ಹೀಗೆ ಏನಾದರೊಂದಕ್ಕೆ ಏಳುತ್ತಲೇ ಇದ್ದರು. ನಾನೂ ಟೀಚರೂ ಒಬ್ಬರ ಮಾತು ಒಬ್ಬರು ಮುಗಿಸಲು ಬಿಡಲಿಲ್ಲ. ಕೊನೆಗೆ ಹೆಡ್‌ಮೇಷ್ಟ್ರು, ಅದೇನು ಗೀಚಿದ್ದೀಯ ಓದು ನೋಡೋಣ ಎಂದರು.

ಅವಳು ಗೀಟುಗಳ ಮೇಲೆ ಬೆರಳಿಟ್ಟು ಓದಿದಳು. "ಎಡ್‌ಮೇಷ್ಟ್ರು ಏಳು ಸಲ ಎದ್ದವ್ರೆ. ಮಿಸ್ಸೂ ಮೇಡಮ್ಮೂ ಮಾತ್ ಮಧ್ಯ ಬಾಯಾಕವ್ರೆ. ನಮ್ಮಪ್ಪ ಒಬ್ರೇ ಸುಮ್ನೆ ಕುಂತವ್ರೆ."

ಟೀಚರು ಗಡಿಯಾರ ನೋಡಿ, ಇವಳು ನಲವತ್ತು ನಿಮಿಷದಿಂದ ಅಲ್ಲಾಡಿಲ್ಲ ಸರ್ ಎಂದರು. ಹುಡುಗಿಗೆ ಅದ್ಯಾವುದೂ ಬೇಕಿರಲಿಲ್ಲ. ಅವಳು ನಿಜವಾಗಿಯೂ ಮರುಗಿ ಹೆಡ್‌ಮೇಷ್ಟ್ರನ್ನು ಕೇಳಿದಳು:

"ಸಾ, ನಿಮ್ಮುನ್ನೂ ಬೇರೆ ಸ್ಕೂಲ್ಗೆ ಕಳಿಸ್ಬುಡ್ತಾರಾ?"

ಹೆಡ್‌ಮೇಷ್ಟ್ರು ನನ್ನ ಫಾರಂ ಎಳೆದುಕೊಂಡರು.

"ಇಬ್ರೂ ಇಲ್ಲೇ ಇರಾನ ಬುಡವ್ವ" ಎಂದವರೇ, ಸಹಿ ಹಾಕಲು ಪೆನ್ನು ಹುಡುಕುತ್ತಾ ಎದ್ದರು.

ಹುಡುಗಿ ಎಂಟನೇ ಗೀಟು ಎಳೆದಳು.